ಕಂಕುಳ ಗ್ರಂಥಿ ತೆಗೆದ ಕೈಗೆ ಹುಳು ಕಚ್ಚಿದರೆ ಎಷ್ಟು ಹೆದರಬೇಕು, ಯಾವಾಗ ಓಡಬೇಕು

ಪ್ರಶ್ನೆ: ನನಗೆ 52 ವರ್ಷ. ಶಿರಸಿ ಸೀಮೆಯ ಹಳ್ಳಿಯಲ್ಲಿ ನಮ್ಮ ಅಡಿಕೆ ತೋಟವಿದೆ. ಒಂದೂವರೆ ವರ್ಷದ ಹಿಂದೆ ಎಡ ಸ್ತನದ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆಯಾಗಿ, ಕಂಕುಳಿನಿಂದ 16 ಗ್ರಂಥಿಗಳನ್ನು ತೆಗೆದರು. ಕಿಮೊಥೆರಪಿ, ರೇಡಿಯೇಶನ್ ಎರಡೂ ಮುಗಿದಿವೆ. ಮನೆಗೆ ಕಳಿಸುವಾಗ ‘ಈ ಕೈಗೆ ಸೊಳ್ಳೆಯೂ ಕಚ್ಚಬಾರದು, ಕಚ್ಚಿದರೆ ಆನೆಕಾಲಿನ ಹಾಗೆ ಆಗುತ್ತದೆ’ ಎಂದು ಹೇಳಿದ್ದರು. ಕಳೆದ ತಿಂಗಳು ಎಡ ಮುಂಗೈಗೆ ಕಣಜದ ಹುಳು ಕಚ್ಚಿತು. ಅತ್ತೆಯವರು ಸುಣ್ಣ ಹಚ್ಚಿದರು. ಮರುದಿನ ಮುಂಗೈಯೆಲ್ಲ ಬಾತು, ಬಳೆ ತೆಗೆಯಲಾಗದೆ ಒಡೆಯಬೇಕಾಯಿತು. ಮೆಡಿಕಲ್ ಅಂಗಡಿಯಲ್ಲಿ ಮೂರು ದಿನದ ಆ್ಯಂಟಿಬಯಾಟಿಕ್ ಕೊಟ್ಟರು, ಟಿಟಿ ಇಂಜೆಕ್ಷನ್ನೂ ಆಯಿತು. ವಾರದಲ್ಲಿ ಬಾವು ಇಳಿಯಿತು. ಈಗ ಮನೆಯವರು ತೋಟಕ್ಕೆ ಹೋಗಲೇಬೇಡ ಎನ್ನುತ್ತಾರೆ. ಒಂದು ಹುಳು ಕಚ್ಚಿದರೂ ಲಿಂಫೆಡಿಮಾ ಬರುತ್ತದೆಯೇ? ಕಚ್ಚಿದ ಕೂಡಲೇ ಏನು ಮಾಡಬೇಕು? ಮಾತ್ರೆಯನ್ನು ಮನೆಯಲ್ಲಿ ಇಟ್ಟುಕೊಳ್ಳಬಹುದೇ? ಅಂದಹಾಗೆ, ಕೈ ನೋಯುವುದಿಲ್ಲ, ಆದರೆ ಸಂಜೆ ಹೊತ್ತಿಗೆ ಎಡಗಡೆ ರವಿಕೆಯ ತೋಳು ಸ್ವಲ್ಪ ಬಿಗಿ ಎನಿಸುತ್ತದೆ.

ಉತ್ತರ: ಸೊಳ್ಳೆಯಾಗಲಿ ಕಣಜವಾಗಲಿ ಕಚ್ಚಿದ ಮಾತ್ರಕ್ಕೆ ಲಿಂಫೆಡಿಮಾ, ಅಂದರೆ ದ್ರವ ಬಸಿಯದೆ ನಿಂತು ಕೈ ಊದಿಕೊಳ್ಳುವ ತೊಂದರೆ, ಬರುವುದಿಲ್ಲ. ಕಚ್ಚಿದ ಜಾಗವನ್ನು ಕೆರೆದು ಗಾಯ ಮಾಡಿಕೊಂಡು, ಆ ಗಾಯ ನಂಜಾಗಿ, ನಂಜಿಗೆ ಸರಿಯಾದ ಚಿಕಿತ್ಸೆ ಸಿಗುವುದು ತಡವಾದರೆ ಆಗ ಅಪಾಯವಿದೆ. ನಿಮ್ಮನ್ನು ಮನೆಗೆ ಕಳಿಸುವಾಗ ಹೇಳಿದ ಮಾತಿನಲ್ಲಿ ಕಾಳಜಿ ಇತ್ತು, ಆದರೆ ಈ ಎರಡು ಸಂಗತಿಗಳ ನಡುವಿನ ಅಂತರ ಅದರಲ್ಲಿ ಅಳಿಸಿಹೋಗಿದೆ. ಅಡಿಕೆ ತೋಟದ ನಡುವೆ ಬದುಕುವವರಿಗೆ ಸೊಳ್ಳೆಯೂ ಕಚ್ಚಬಾರದು ಎಂದು ಹೇಳುವುದು ಪಾಲಿಸಲಾಗದ ಉಪದೇಶ. ಪಾಲಿಸಲಾಗದ ಉಪದೇಶವನ್ನು ಕೇಳಿದವರು ಮೊದಲು ಹೆದರುತ್ತಾರೆ, ಆಮೇಲೆ ಬೇಸತ್ತು ಎಲ್ಲ ಎಚ್ಚರಿಕೆಯನ್ನೂ ಬಿಟ್ಟುಬಿಡುತ್ತಾರೆ. ನಾನು ಎರಡು ಬಗೆಯವರನ್ನೂ ನೋಡಿದ್ದೇನೆ.

ನಿಮ್ಮ ಕೈಯಲ್ಲಿ ಆಗಿರುವ ಬದಲಾವಣೆಯನ್ನು ತೋಟದ ಭಾಷೆಯಲ್ಲೇ ಹೇಳಬಹುದು. ರಕ್ತನಾಳಗಳಿಂದ ಊತಕಗಳಿಗೆ ಸೋರುವ ನೀರಿನ ಒಂದು ಪಾಲನ್ನೂ, ಅದರೊಂದಿಗೆ ಹೊರಬಂದ ಪ್ರೋಟೀನ್, ಸತ್ತ ಜೀವಕೋಶ, ರೋಗಾಣುಗಳನ್ನೂ ದುಗ್ಧನಾಳಗಳು ಬಸಿದುಕೊಂಡು ಕಂಕುಳಿನ ಗ್ರಂಥಿಗಳ ಮೂಲಕ ಮತ್ತೆ ರಕ್ತಕ್ಕೆ ಸೇರಿಸುತ್ತವೆ. ಇವು ಕೈಯ ಬಸಿಗಾಲುವೆಗಳು. ಗ್ರಂಥಿಗಳನ್ನು ತೆಗೆದು, ಮೇಲೆ ರೇಡಿಯೇಶನ್ ಕೊಟ್ಟಾಗ ಮುಖ್ಯ ಕಾಲುವೆ ಕಿರಿದಾಗುತ್ತದೆ. ಉಳಿದ ಸಣ್ಣ ಕಾಲುವೆಗಳು ಸುತ್ತುದಾರಿ ಹಿಡಿದು ಕೆಲಸ ನಡೆಸುತ್ತವೆ. ಸಾಧಾರಣ ಮಳೆಗೆ ಅವು ಸಾಕು. ಕಣಜ ಕಚ್ಚಿದಾಗ ಬರುವ ಬಾವು ಎಂದರೆ ಒಂದೆರಡು ದಿನದ ಜೋರು ಮಳೆ. ನೀರು ನಿಂತು, ನಿಧಾನವಾಗಿ ಬಸಿದುಹೋಗುತ್ತದೆ. ಚರ್ಮದ ಸೋಂಕು ಹಾಗಲ್ಲ. ಅದು ನೀರನ್ನೂ ಹೆಚ್ಚಿಸುತ್ತದೆ, ಉಳಿದ ಕಾಲುವೆಗಳ ದಂಡೆಯನ್ನೂ ಕೆಡವುತ್ತದೆ. ಸೋಂಕಿನ ಉರಿಯೂತದಿಂದ ಸಣ್ಣ ನಾಳಗಳು ಗಟ್ಟಿಯಾಗಿ ಮುಚ್ಚಿಹೋದರೆ ಮತ್ತೆ ತೆರೆಯುವುದು ಕಷ್ಟ. ನಿಂತ ದ್ರವ ಮುಂದಿನ ಸೋಂಕಿಗೆ ದಾರಿಮಾಡುತ್ತದೆ, ಮುಂದಿನ ಸೋಂಕು ಇನ್ನಷ್ಟು ದ್ರವ ನಿಲ್ಲುವಂತೆ ಮಾಡುತ್ತದೆ. ಜೊತೆಗೆ, ರೋಗಾಣುಗಳನ್ನು ತಡೆದು ಕಾವಲುಕೋಶಗಳಿಗೆ ಸುದ್ದಿ ಮುಟ್ಟಿಸುವ ಠಾಣೆಗಳೂ ಈ ಗ್ರಂಥಿಗಳೇ ಆಗಿದ್ದುದರಿಂದ, ಬೇರೆಯವರ ಕೈಯಲ್ಲಿ ತಾನಾಗಿ ಆರುವ ಸಣ್ಣ ನಂಜು ನಿಮ್ಮ ಕೈಯಲ್ಲಿ ವೇಗವಾಗಿ ಹರಡಬಹುದು.

ಅಂಕಿಗಳಲ್ಲಿ ಹೇಳುವುದಾದರೆ, ಕಂಕುಳಿನ ಗ್ರಂಥಿಗಳ ಗುಚ್ಛವನ್ನೇ ತೆಗೆದವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಮುಂದೆ ಲಿಂಫೆಡಿಮಾ ಬರುತ್ತದೆ; ಸ್ತನದಿಂದ ಬಸಿಯುವ ದ್ರವ ಮೊದಲು ತಲುಪುವ ಒಂದೆರಡು ಕಾವಲುಗ್ರಂಥಿಗಳನ್ನು ಮಾತ್ರ ತೆಗೆದವರಲ್ಲಿ ಇದು ನೂರಕ್ಕೆ ಐದಾರು. ಅಂದರೆ ನಿಮ್ಮಂಥವರಲ್ಲಿಯೂ ಹೆಚ್ಚಿನವರಿಗೆ ಬರುವುದಿಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ತಂಡ 600ಕ್ಕೂ ಹೆಚ್ಚು ಮಹಿಳೆಯರ ಕೈಗಳನ್ನು ಮತ್ತೆಮತ್ತೆ ಅಳೆದು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆ ಕೈಯಿಂದ ರಕ್ತ ತೆಗೆಯುವುದು, ಇಂಜೆಕ್ಷನ್, ಬಿ.ಪಿ. ನೋಡುವುದು, ವಿಮಾನ ಪ್ರಯಾಣ ಇವುಗಳಿಗೂ ಕೈ ಊದುವುದಕ್ಕೂ ಸಂಬಂಧ ಕಾಣಲಿಲ್ಲ. ಸಂಬಂಧ ಕಂಡದ್ದು ಹೆಚ್ಚಿದ ದೇಹತೂಕ, ಗ್ರಂಥಿಗುಚ್ಛ ತೆಗೆದ ಶಸ್ತ್ರಚಿಕಿತ್ಸೆ, ಆ ಭಾಗದ ರೇಡಿಯೇಶನ್ ಮತ್ತು ಸೆಲ್ಯುಲೈಟಿಸ್ ಎಂಬ ಚರ್ಮದ ಆಳದ ಸೋಂಕಿಗೆ. ಈ ನಾಲ್ಕರಲ್ಲಿ ಶಸ್ತ್ರಚಿಕಿತ್ಸೆ, ರೇಡಿಯೇಶನ್ ಮುಗಿದ ಮಾತು. ತೂಕ ಮತ್ತು ಸೋಂಕನ್ನು ತಡೆಯುವುದು ಇನ್ನೂ ನಿಮ್ಮಿಂದ ಸಾಧ್ಯ.

ಇನ್ನು ಕಚ್ಚಿದಾಗ ಏನಾಗುತ್ತದೆ ಎಂಬುದನ್ನು ಗಡಿಯಾರ ಹಿಡಿದು ನೋಡಬೇಕು, ಏಕೆಂದರೆ ಬಾವು ಯಾವ ಹೊತ್ತಿಗೆ ಬಂತು ಎಂಬುದೇ ಅದು ಅಲರ್ಜಿಯೋ ಸೋಂಕೋ ಎಂದು ಹೇಳುವ ಮೊದಲ ಸುಳಿವು. ಸೊಳ್ಳೆ ಕಚ್ಚಿದ ಕೆಲವೇ ನಿಮಿಷಗಳಲ್ಲಿ ಒಂದು ಗಾದರಿ ಏಳುತ್ತದೆ, ಗಂಟೆಯೊಳಗೆ ಇಳಿಯುತ್ತದೆ; ಮರುದಿನ ಅದೇ ಜಾಗದಲ್ಲಿ ತುರಿಸುವ ಗಟ್ಟಿ ಗುಳ್ಳೆ ಬಂದು ಕೆಲವು ದಿನ ಇರುತ್ತದೆ. ಜೇನು, ಕಣಜಗಳ ವಿಷಕ್ಕೆ ಕೆಲವರ ದೇಹ ಅತಿಯಾಗಿ ಪ್ರತಿಕ್ರಿಯಿಸಿ, ಅಂಗೈಯಗಲಕ್ಕಿಂತ ದೊಡ್ಡ ಬಾವು ಒಂದೆರಡು ದಿನ ಏರುತ್ತ ಹೋಗಿ, ಐದರಿಂದ ಹತ್ತು ದಿನಗಳಲ್ಲಿ ಇಳಿಯುತ್ತದೆ. ಇದರಲ್ಲಿ ರೋಗಾಣುವಿನ ಪಾತ್ರವಿಲ್ಲ. ನಿಮಗೆ ಕಳೆದ ತಿಂಗಳು ಆದದ್ದು ಬಹುಶಃ ಇದೇ. ಮರುದಿನವೇ ಬಾತದ್ದು, ಜ್ವರದ ಮಾತಿಲ್ಲದಿರುವುದು, ವಾರದಲ್ಲಿ ಇಳಿದದ್ದು ಎಲ್ಲವೂ ಅತ್ತಲೇ ಬೆರಳು ತೋರಿಸುತ್ತವೆ. ಆ್ಯಂಟಿಬಯಾಟಿಕ್ ಕೊಡದಿದ್ದರೂ ಅದು ಇಳಿಯುತ್ತಿತ್ತು. ಒಂದು ವೇಳೆ ಅದು ನಿಜವಾದ ಸೆಲ್ಯುಲೈಟಿಸ್ ಆಗಿದ್ದರೆ, ಆ ಮೂರು ದಿನದ ಮಾತ್ರೆ ಸಾಲುತ್ತಿರಲಿಲ್ಲ. ಎರಡೂ ಬಗೆಯಲ್ಲಿ ಅದು ತಪ್ಪು ಮದ್ದು. ಟಿಟಿ ಬಗ್ಗೆಯೂ ಒಂದು ಮಾತು: ಸೊಳ್ಳೆ, ಕಣಜ ಕಚ್ಚಿದ್ದಕ್ಕೆಲ್ಲ ಅದರ ಅಗತ್ಯವಿಲ್ಲ. ಮಣ್ಣು ಸೇರಿದ ಗಾಯವಾದಾಗ ಬೇಕಾದರೆ ಇನ್ನೊಂದು ಕೈಗೆ ಹಾಕಿಸಿಕೊಳ್ಳಿ.

ಕಚ್ಚಿದ ಕೂಡಲೇ ಮಾಡಬೇಕಾದ ಮೊದಲ ಕೆಲಸ ನಿಮ್ಮ ಪತ್ರದಲ್ಲೇ ಇದೆ, ತಡವಾಗಿ ನಡೆದದ್ದು ಮಾತ್ರ. ಬಳೆ, ಉಂಗುರ, ವಾಚು, ಕೈಗೆ ಕಟ್ಟಿದ ದಾರ ಏನಿದ್ದರೂ ಬಾವು ಬರುವ ಮೊದಲೇ ತೆಗೆದುಬಿಡಿ. ಸೋಪಿನ ನೊರೆ ಹಚ್ಚಿದರೆ ಜಾರುವ ಬಳೆ ಮರುದಿನ ಜಾರುವುದಿಲ್ಲ. ಬಾತ ಕೈಯ ಮೇಲೆ ಗಾಜಿನ ಬಳೆ ಒಡೆಯುವಾಗ ಆಗುವ ಗೀರು ಕಣಜದ ಚುಚ್ಚುವಿಕೆಗಿಂತ ದೊಡ್ಡ ಬಾಗಿಲನ್ನು ರೋಗಾಣುಗಳಿಗೆ ತೆರೆಯುತ್ತದೆ. ಎಡಗೈಗೆ ಗಾಜಿನ ಬಳೆಯ ಬದಲು ಸಡಿಲವಾದ ಒಂದೇ ಲೋಹದ ಬಳೆ ಹಾಕಿಕೊಳ್ಳಿ ಎಂದು ನನ್ನ ಬಳಿ ಬರುವವರಿಗೆ ಹೇಳುತ್ತೇನೆ. ಕೆಲವರು ಒಪ್ಪುತ್ತಾರೆ, ಕೆಲವರು ನಗುತ್ತಾರೆ.

ಜೇನುಹುಳು ಕಚ್ಚಿದ್ದರೆ ಕೊಂಡಿ ಚರ್ಮದಲ್ಲೇ ಉಳಿದು, ಅದರ ಚೀಲ ವಿಷವನ್ನು ಒಳಕ್ಕೆ ಒತ್ತುತ್ತಲೇ ಇರುತ್ತದೆ. ಉಗುರಿನಿಂದಲೋ ಚಿಮಟದಿಂದಲೋ ಕಿತ್ತು ಹಾಕಿ. ಹೇಗೆ ಕೀಳಬೇಕೆಂದು ಯೋಚಿಸುತ್ತ ಕೂರುವುದಕ್ಕಿಂತ ಕೂಡಲೇ ಕೀಳುವುದು ಮುಖ್ಯ. ಕಣಜ ಸಾಮಾನ್ಯವಾಗಿ ಕೊಂಡಿ ಬಿಡುವುದಿಲ್ಲ. ಕಂಬಳಿಹುಳು ತಾಗಿದ್ದರೆ ಉಜ್ಜಬೇಡಿ, ಅಂಟುಟೇಪನ್ನು ಒತ್ತಿ ಎಳೆದರೆ ರೋಮಗಳು ಅದರೊಂದಿಗೆ ಬರುತ್ತವೆ. ಆಮೇಲೆ ಎಲ್ಲಕ್ಕೂ ಒಂದೇ ಕ್ರಮ: ಸೋಪು ಮತ್ತು ಹರಿಯುವ ನೀರಿನಲ್ಲಿ ತೊಳೆಯುವುದು, ಒತ್ತಿ ಒರೆಸುವುದು, ಒದ್ದೆಬಟ್ಟೆಯನ್ನೋ ಬಟ್ಟೆಯಲ್ಲಿ ಸುತ್ತಿದ ಐಸನ್ನೋ ಹತ್ತು ನಿಮಿಷ ಇಟ್ಟು ತೆಗೆಯುವುದು, ಕೈಯನ್ನು ದಿಂಬಿನ ಮೇಲೆ ಎದೆಯ ಮಟ್ಟಕ್ಕಿಂತ ಸ್ವಲ್ಪ ಎತ್ತರದಲ್ಲಿ ಇಡುವುದು. ಐಸನ್ನು ನೇರವಾಗಿ ಚರ್ಮದ ಮೇಲೆ ಇಡಬಾರದು. ಶಸ್ತ್ರಚಿಕಿತ್ಸೆಯ ನಂತರ ಆ ಕೈಯ ಕೆಲವು ಭಾಗಗಳಲ್ಲಿ ಸ್ಪರ್ಶ ಕಡಿಮೆ ಇರುವುದರಿಂದ ಚರ್ಮ ಸುಡುವಷ್ಟು ತಣ್ಣಗಾದರೂ ತಿಳಿಯದೆ ಹೋಗಬಹುದು.

ಸುಣ್ಣದ ವಿಷಯದಲ್ಲಿ ನಾನು ಖಡಾಖಂಡಿತವಾಗಿ ಬೇಡ ಎನ್ನುತ್ತೇನೆ. ಜೇನು ಕಚ್ಚಿದರೆ ಸುಣ್ಣ ಎನ್ನುವುದು ನಮ್ಮಲ್ಲಿ ಮನೆಮಾತು; ವಿಷ ಆಮ್ಲ, ಸುಣ್ಣ ಕ್ಷಾರ, ಒಂದನ್ನೊಂದು ಹೊಡೆಯುತ್ತವೆ ಎಂಬ ಸಮರ್ಥನೆಯೂ ಅದರ ಹಿಂದಿದೆ. ಆದರೆ ವಿಷ ಸೇರಿರುವುದು ಚರ್ಮದ ಒಳಗೆ, ಸುಣ್ಣ ಕೂರುವುದು ಚರ್ಮದ ಮೇಲೆ. ಅದರ ಕ್ಷಾರ ವಿಷವನ್ನು ಮುಟ್ಟುವುದಿಲ್ಲ, ಚರ್ಮವನ್ನು ಸುಡುತ್ತದೆ. ಬೇರೆಯವರ ಕೈಯಲ್ಲಿ ಆ ಸುಟ್ಟ ಮಚ್ಚೆ ಒಣಗಿ ಉದುರುತ್ತದೆ; ನಿಮ್ಮ ಕೈಯಲ್ಲಿ ಅದೂ ಒಂದು ಗಾಯ. ಹೊಗೆಸೊಪ್ಪಿನ ರಸ, ಸೀಮೆಎಣ್ಣೆ, ಟೂತ್‌ಪೇಸ್ಟ್, ಸಗಣಿ ಇವಕ್ಕೂ ಇದೇ ಮಾತು. ಅರಿಶಿನಕ್ಕೆ ನನ್ನ ವಿರೋಧ ಅಷ್ಟು ಗಟ್ಟಿಯಲ್ಲ, ಆದರೆ ಅದರ ಹಳದಿ ಬಣ್ಣ ಚರ್ಮ ಕೆಂಪಾಗುವುದನ್ನು ಮುಚ್ಚಿಹಾಕುತ್ತದೆ, ನಮಗೆ ಕಾಣಬೇಕಾದದ್ದು ಅದೇ. ಹಿರಿಯರಿಗೆ ಬೇಸರವಾಗದಂತೆ ಹೇಳುವ ದಾರಿ ನಿಮಗೇ ಗೊತ್ತಿರುತ್ತದೆ.

ತುರಿಕೆಯನ್ನು ಸಣ್ಣದೆಂದು ಬಿಡಬೇಡಿ. ನನ್ನ ಅನುಭವದಲ್ಲಿ ಸೊಳ್ಳೆ ಕಡಿತದಿಂದ ನಂಜಾದವರಲ್ಲಿ ಹೆಚ್ಚಿನವರು ಹಗಲಿನಲ್ಲಿ ಜಾಗರೂಕರಾಗಿದ್ದು, ರಾತ್ರಿ ನಿದ್ದೆಯಲ್ಲಿ ಕೆರೆದುಕೊಂಡವರು. ಉಗುರಿನ ಸಂದಿಯಲ್ಲಿ ಸ್ಟ್ರೆಪ್ಟೊಕಾಕಸ್, ಸ್ಟೆಫಿಲೊಕಾಕಸ್ ಎಂಬ ರೋಗಾಣುಗಳು ಇರಲು ಕೈ ಕೊಳಕಾಗಿಯೇ ಇರಬೇಕೆಂದಿಲ್ಲ. ಬಲಗೈಯ ಉಗುರು ಚಿಕ್ಕದಾಗಿರಲಿ, ಏಕೆಂದರೆ ಎಡಗೈಯನ್ನು ಕೆರೆಯುವುದು ಅದೇ. ಕಚ್ಚಿದ ದಿನ ಕ್ಯಾಲಮೈನ್ ಲೋಷನ್ ಅಥವಾ ಒಂದು ಪ್ರತಿಶತದ ಹೈಡ್ರೊಕಾರ್ಟಿಸೋನ್ ಮುಲಾಮನ್ನು ಗಾಯವಾಗದ ಚರ್ಮಕ್ಕೆ ತೆಳುವಾಗಿ ಹಚ್ಚಬಹುದು. ರಾತ್ರಿ ಸೆಟ್ರಿಜಿನ್ 10 ಮಿಲಿಗ್ರಾಂ ಒಂದು ಮಾತ್ರೆ ತುರಿಕೆಯನ್ನು ತಗ್ಗಿಸುತ್ತದೆ. ಮಂಪರು ಬರುತ್ತದೆ, ಮೂತ್ರಪಿಂಡದ ತೊಂದರೆ ಇದ್ದವರು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು. ಮೆಡಿಕಲ್ ಅಂಗಡಿಯಲ್ಲಿ ‘ಎಲ್ಲಕ್ಕೂ ಒಂದೇ ಕ್ರೀಮ್’ ಎಂದು ಕೊಡುವ, ತೀಕ್ಷ್ಣ ಸ್ಟಿರಾಯ್ಡ್, ಆ್ಯಂಟಿಬಯಾಟಿಕ್, ಫಂಗಸ್ ಮದ್ದು ಮೂರನ್ನೂ ಕಲಸಿದ ಟ್ಯೂಬನ್ನು ಆ ಕೈಗೆ ಹಚ್ಚಬೇಡಿ. ಅದು ಒಂದು ದಿನ ತಂಪೆನಿಸಿ, ಒಳಗೆ ಬೆಳೆಯುತ್ತಿರುವ ಸೋಂಕಿನ ಚಹರೆಯನ್ನೇ ಬದಲಾಯಿಸಿಬಿಡುತ್ತದೆ. ಮತ್ತೆಮತ್ತೆ ಹಚ್ಚಿದರೆ ಚರ್ಮ ಹಾಳೆಯಂತೆ ತೆಳುವಾಗುತ್ತದೆ.

ಸೋಂಕನ್ನು ಗುರುತಿಸುವುದು ಹೇಗೆ? ಅಲರ್ಜಿಯ ಬಾವಿನಲ್ಲಿ ತುರಿಕೆ ಮುಂದು, ನೋವು ಹಿಂದು. ಸೋಂಕಿನಲ್ಲಿ ನೋವು ಮುಂದು. ಅಲರ್ಜಿಯದು ಮೊದಲ ದಿನವೇ ಏಳುತ್ತದೆ. ಸೋಂಕು ಸಾಮಾನ್ಯವಾಗಿ ಒಂದೆರಡು ದಿನ ಕಳೆದು, ಇಳಿಯಬೇಕಿದ್ದ ಬಾವು ಇಳಿಯದೆ ಮತ್ತೆ ಹೆಚ್ಚಾಗತೊಡಗಿದಾಗ ಕಾಣಿಸುತ್ತದೆ. ಜಾಗ ಬಿಸಿಯಾಗುತ್ತದೆ, ಮುಟ್ಟಿದರೆ ನೋಯುತ್ತದೆ, ಅಂಚು ಹರಡುತ್ತದೆ. ಗಾಯದಿಂದ ಕಂಕುಳಿನ ಕಡೆಗೆ ಒಂದು ಕೆಂಪು ಗೆರೆ ಓಡಿದ್ದರೆ ದುಗ್ಧನಾಳವೇ ಉರಿದಿದೆ ಎಂದರ್ಥ. ಪುಸ್ತಕಗಳಲ್ಲಿ ಬರೆಯುವ ‘ಕೆಂಪು’ ನಮ್ಮ ಗೋಧಿಬಣ್ಣದ, ಕಪ್ಪುಬಣ್ಣದ ಚರ್ಮದ ಮೇಲೆ ಕೆಂಪಾಗಿ ಕಾಣುವುದಿಲ್ಲ. ನೇರಳೆ ಛಾಯೆಯಂತೆಯೋ ಬರಿಯ ಕಪ್ಪಾದಂತೆಯೋ ಕಾಣುತ್ತದೆ. ಆದ್ದರಿಂದ ಕಣ್ಣಿಗಿಂತ ಕೈಯನ್ನು ನಂಬಿ: ಮನೆಯವರೊಬ್ಬರು ತಮ್ಮ ಕೈಯ ಹಿಂಬದಿಯಿಂದ ನಿಮ್ಮ ಎರಡೂ ಮುಂಗೈಗಳನ್ನು ಒಂದರ ನಂತರ ಒಂದು ಮುಟ್ಟಿ ನೋಡಿದರೆ ಬಿಸಿಯ ವ್ಯತ್ಯಾಸ ಕೂಡಲೇ ತಿಳಿಯುತ್ತದೆ. ಕೆಲವರಲ್ಲಿ ಚರ್ಮ ಬದಲಾಗುವ ಮೊದಲೇ ಚಳಿ, ನಡುಕ, ಮೈಕೈ ನೋವು ಬರುತ್ತವೆ, ಫ್ಲೂ ಇರಬೇಕೆಂದು ಮಲಗಿಬಿಡುತ್ತಾರೆ. ಗ್ರಂಥಿ ತೆಗೆದವರಿಗೆ ಚಳಿಜ್ವರ ಬಂದಾಗ ರವಿಕೆ ಕಳಚಿ ಆ ಕೈಯನ್ನು, ಎದೆಯ ಅದೇ ಬದಿಯನ್ನು, ಬೆನ್ನಿನ ಆ ಭಾಗವನ್ನು ಬೆಳಕಿನಲ್ಲಿ ನೋಡಲೇಬೇಕು. ಆ ಮೂರೂ ಒಂದೇ ಕಂಕುಳಿಗೆ ಬಸಿಯುವ ಪ್ರದೇಶಗಳು.

ಬಾಲ್‌ಪೆನ್ ಮನೆಯಲ್ಲೇ ಇರುವ ಒಳ್ಳೆಯ ಉಪಕರಣ. ಬಾವಿನ ಅಂಚಿನ ಸುತ್ತ ಗೆರೆ ಎಳೆದು, ಪಕ್ಕದಲ್ಲಿ ಹೊತ್ತು ಬರೆದು, ಫೋನಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಹಿಂದೊಮ್ಮೆ ಸಂಜೆಯ ಬಸ್ಸಿನಲ್ಲಿ ಒಬ್ಬ ಮಹಿಳೆ ಬಂದಿದ್ದರು. ಮುಂಗೈ ಮೇಲೆ ಒಂದರ ಹೊರಗೊಂದು ಮೂರು ನೀಲಿ ಗೆರೆಗಳು. ಶಾಲೆಗೆ ಹೋಗುವ ಮಗಳ ದುಂಡು ಅಕ್ಷರದಲ್ಲಿ ‘ಬೆ. 7’, ‘ಮ. 1’, ‘ಸಂ. 5’. ಮೊದಲ ಎರಡು ಗೆರೆಗಳ ನಡುವೆ ಒಂದು ಬೆರಳಿನ ಅಂತರ, ಎರಡನೆಯದಕ್ಕೂ ಮೂರನೆಯದಕ್ಕೂ ನಾಲ್ಕು ಬೆರಳು. ನಾನು ಒಂದು ಪ್ರಶ್ನೆಯನ್ನೂ ಕೇಳುವ ಮೊದಲೇ ಆ ಕೈ ತನ್ನ ಇಡೀ ದಿನದ ಕಥೆ ಹೇಳಿಬಿಟ್ಟಿತ್ತು. ಕೂಡಲೇ ಚಿಕಿತ್ಸೆ ಶುರುವಾಯಿತು, ನಾಲ್ಕನೆಯ ದಿನಕ್ಕೆ ಅಂಚು ಮೊದಲ ಗೆರೆಯೊಳಗೆ ಹಿಂದೆ ಸರಿದಿತ್ತು. ಅವರಿಗೆ ಆಮೇಲೂ ಕೈ ಊದಲಿಲ್ಲ. ಎರಡು ದಿನ ಕಾದು ನೋಡಿದ್ದರೆ ಹೀಗೇ ಆಗುತ್ತಿತ್ತೆಂದು ನಾನು ಹೇಳಲಾರೆ.

ಬಾವು ಪೆನ್ನಿನ ಗೆರೆ ದಾಟಿದರೆ, ನೋವು ಹೆಚ್ಚಿದರೆ, ಕೆಂಪು ಗೆರೆ ಓಡಿದರೆ, ಜ್ವರ ಬಂದರೆ ಅದೇ ದಿನ ವೈದ್ಯರ ಬಳಿ ಹೋಗಿ. ಭಾನುವಾರ, ಹಬ್ಬ, ಮದುವೆಮನೆ ಯಾವುದೂ ಕಾರಣವಾಗಬಾರದು. ಹೋದಾಗ ಮೊದಲು ಹೇಳಬೇಕಾದ ಮಾತು ‘ಹುಳು ಕಚ್ಚಿದೆ’ ಎಂಬುದಲ್ಲ, ‘ಈ ಬದಿಯ ಕಂಕುಳಿನ ಗ್ರಂಥಿ ತೆಗೆದಿದ್ದಾರೆ’ ಎಂಬುದು. ಪೆನಿಸಿಲಿನ್ ಅಲರ್ಜಿ ಇದ್ದರೆ ಅದನ್ನೂ ಹೇಳಿ. ಇಂಥ ಸೋಂಕಿಗೆ ಸಾಮಾನ್ಯವಾಗಿ ಪೆನಿಸಿಲಿನ್ ಬಳಗದ ಅಥವಾ ಸೆಫಲೆಕ್ಸಿನ್‌ನಂಥ ಮಾತ್ರೆಗಳನ್ನು ಕೊಡುತ್ತಾರೆ. ಬೇರೆಯವರಲ್ಲಿ ಐದಾರು ದಿನಕ್ಕೆ ಮುಗಿಯುವ ಕೋರ್ಸನ್ನು ಇಂಥ ಕೈಗೆ ಎರಡು ವಾರದವರೆಗೆ ಮುಂದುವರಿಸುವುದು ರೂಢಿ. ಮಾತ್ರೆ ಶುರುವಾದ ಮೊದಲ ದಿನ ಅಂಚು ತುಸು ಹರಡಿದರೆ ಗಾಬರಿಯಾಗಬೇಡಿ. 48 ಗಂಟೆ ಕಳೆದರೂ ನೋವು, ಜ್ವರ ತಗ್ಗದಿದ್ದರೆ, ಅಥವಾ ನಡುಕ, ವಾಂತಿ, ತಲೆ ತಿರುಗುವುದು, ಮಾತು ತೊದಲುವುದು ಕಂಡರೆ ಆಸ್ಪತ್ರೆಗೆ ಸೇರಿ ರಕ್ತನಾಳದ ಮೂಲಕವೇ ಔಷಧಿ ಪಡೆಯಬೇಕು. ಡ್ರಿಪ್ಪನ್ನು ಬಲಗೈಗೆ ಹಾಕಲು ಹೇಳಿ. ಆದರೆ ಬಲಗೈಯಲ್ಲಿ ನರ ಸಿಗದ ತುರ್ತಿನಲ್ಲಿ ಎಡಗೈ ಮುಟ್ಟಬೇಡಿ ಎಂದು ಹಟ ಹಿಡಿಯಬಾರದು. ಸೋಂಕು ಇರುವಾಗ ಮಾಲೀಸು ನಿಲ್ಲಿಸಿ. ಊತ ತಡೆಯಲು ತೋಳಿಗೆ ಬಿಗಿಯಾಗಿ ತೊಡುವ ಸ್ಲೀವ್ ಧರಿಸುವ ಅಭ್ಯಾಸವಿದ್ದವರೂ ನೋವು ಇಳಿಯುವವರೆಗೆ ತೆಗೆದಿಡಬೇಕು.

ಇದೆಲ್ಲಕ್ಕಿಂತ ಬೇರೆಯಾದ ಒಂದು ತುರ್ತು ಇದೆ. ಜೇನು, ಕಣಜ ಕಚ್ಚಿದ ಸ್ವಲ್ಪ ಹೊತ್ತಿನಲ್ಲೇ ಮೈಯೆಲ್ಲ ಪಿತ್ತಗಂಧೆಯಂತೆ ಎದ್ದರೆ, ಗಂಟಲು ಕಟ್ಟಿದಂತಾದರೆ, ಉಸಿರು ಎಳೆದರೆ, ಕಣ್ಣು ಕತ್ತಲಿಟ್ಟರೆ ಅದು ಇಡೀ ದೇಹದ ಅಲರ್ಜಿ. ಕೂಡಲೇ 108ಕ್ಕೆ ಕರೆಮಾಡಿ. ತೊಡೆಗೆ ಕೊಡುವ ಅಡ್ರಿನಲಿನ್ ಇಂಜೆಕ್ಷನ್ ಅಲ್ಲಿ ಪ್ರಾಣ ಉಳಿಸುತ್ತದೆ. ಕೈಯ ಚಿಂತೆ ಆಮೇಲೆ.

ಮಾತ್ರೆಯನ್ನು ಮನೆಯಲ್ಲಿ ಇಟ್ಟುಕೊಳ್ಳಬಹುದೇ ಎಂದು ಕೇಳಿದ್ದೀರಿ. ಪದೇ ಪದೇ ಸೆಲ್ಯುಲೈಟಿಸ್ ಬರುವವರಿಗೆ, ಅಥವಾ ವೈದ್ಯರು ಬೇಗ ಸಿಗದ ಊರಿಗೆ ಹೋಗುವವರಿಗೆ, ಒಂದು ಕೋರ್ಸಿನ ಮಾತ್ರೆಯನ್ನು ಬರೆದುಕೊಟ್ಟು ಇಟ್ಟುಕೊಳ್ಳಲು ಹೇಳುವ ಪದ್ಧತಿ ಇದೆ. ನಿಮಗೆ ಒಮ್ಮೆಯೂ ಸೋಂಕು ಬಂದಿಲ್ಲ. ಆದರೂ ಮಳೆಗಾಲದಲ್ಲಿ ನಿಮ್ಮ ಊರಿನಿಂದ ಪೇಟೆಗೆ ಬರುವ ದಾರಿ ಕಡಿದುಹೋಗುವುದಿದ್ದರೆ, ನಿಮ್ಮನ್ನು ಬಲ್ಲ ವೈದ್ಯರೊಡನೆ ಮಾತಾಡಿ, ಯಾವ ಲಕ್ಷಣಕ್ಕೆ ಶುರುಮಾಡಬೇಕು, ಶುರುಮಾಡಿದ ಮೇಲೆ ಎಷ್ಟರೊಳಗೆ ಬಂದು ತೋರಿಸಬೇಕು ಎಂಬುದನ್ನು ಕಾಗದದಲ್ಲಿ ಬರೆಸಿಕೊಂಡು ಇಟ್ಟುಕೊಳ್ಳುವುದು ತಪ್ಪಲ್ಲ. ಅಂಗಡಿಯಲ್ಲಿ ಕೇಳಿ ತಂದಿಟ್ಟುಕೊಂಡ, ಪ್ರತಿ ಸೊಳ್ಳೆ ಗುಳ್ಳೆಗೂ ಎರಡೆರಡು ನುಂಗುವ ಮಾತ್ರೆ ಬೇಡ.

ಮಲೆನಾಡಿನವರಿಗೆಂದೇ ಕೆಲವು ಮಾತು ಸೇರಿಸುತ್ತೇನೆ. ಕಂಕುಳಿನ ಶಸ್ತ್ರಚಿಕಿತ್ಸೆಯಲ್ಲಿ ಒಂದು ಸಣ್ಣ ಸಂವೇದನಾ ನರ ಕತ್ತರಿಸಿಹೋಗುವುದು ಸಾಮಾನ್ಯ. ಅದರಿಂದ ಕಂಕುಳು ಮತ್ತು ರಟ್ಟೆಯ ಒಳಬದಿ ಮರಗಟ್ಟಿದಂತಿರುತ್ತದೆ. ಅಲ್ಲಿ ಉಣುಗು ಕಚ್ಚಿಕೊಂಡು ಎರಡು ದಿನ ಕೂತರೂ ನಿಮಗೆ ತಿಳಿಯದು. ತೋಟದಿಂದಲೋ ಸೊಪ್ಪಿನಬೆಟ್ಟದಿಂದಲೋ ಬಂದು ಸ್ನಾನ ಮಾಡುವಾಗ ಕನ್ನಡಿ ಹಿಡಿದು ಆ ಜಾಗ ನೋಡಿ. ಉಣುಗು ಸಿಕ್ಕರೆ ಸೀಮೆಎಣ್ಣೆ ಸುರಿಯುವುದು, ಬೆಂಕಿ ತಾಗಿಸುವುದು ಬೇಡ. ಚಿಮಟದಿಂದ ಚರ್ಮಕ್ಕೆ ಹತ್ತಿಸಿ ಹಿಡಿದು, ತಿರುಚದೆ, ನಿಧಾನವಾಗಿ ನೇರಕ್ಕೆ ಎಳೆಯಿರಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಗುರುತಿಸಿದ ಮಂಗನ ಕಾಯಿಲೆ ಉಣುಗಿನಿಂದಲೇ ಹರಡುವುದರಿಂದ, ಉಣುಗು ಕಚ್ಚಿದ ಒಂದೆರಡು ವಾರದೊಳಗೆ ಜ್ವರ ಬಂದರೆ ಕೈಯಲ್ಲಿ ಏನೂ ಕಾಣದಿದ್ದರೂ ಪರೀಕ್ಷೆ ಬೇಕು. ಕಂಕುಳಿನಲ್ಲಿ ಬೀಡಿಯಿಂದ ಸುಟ್ಟಂತೆ ಕಾಣುವ, ನೋಯದ ಕಪ್ಪು ಹೊಪ್ಪಳೆ ಮತ್ತು ಜ್ವರ ಒಟ್ಟಿಗಿದ್ದರೆ ಅದು ಇನ್ನೊಂದು ಹುಳುವಿನಿಂದ ಬರುವ ಸ್ಕ್ರಬ್ ಟೈಫಸ್ ಇರಬಹುದು. ಅದಕ್ಕೆ ಮದ್ದೂ ಬೇರೆ, ಪೆನಿಸಿಲಿನ್ ನಾಟುವುದಿಲ್ಲ.

ಮಳೆಗಾಲದ ಹಿಂದುಮುಂದಿನಲ್ಲಿ ದೀಪಕ್ಕೆ ಬರುವ, ಕೆಂಪು–ಕಪ್ಪು ಪಟ್ಟೆಯ, ಇರುವೆಯಂಥ ಉದ್ದನೆಯ ಸಣ್ಣ ಹುಳುವೊಂದಿದೆ; ಪತ್ರಿಕೆಗಳು ಅದನ್ನು ಆಸಿಡ್ ಹುಳು ಎನ್ನುತ್ತವೆ. ಅದು ಕಚ್ಚುವುದಿಲ್ಲ. ಅದನ್ನು ಹೊಸಕಿದಾಗ ಮೈಯೊಳಗಿನ ರಸ ಚರ್ಮಕ್ಕೆ ತಾಗಿ, ಒಂದು ದಿನದ ನಂತರ ಚಾಟಿಯಿಂದ ಹೊಡೆದಂತೆ ಉದ್ದನೆಯ ಸುಟ್ಟ ಗುಳ್ಳೆ ಏಳುತ್ತದೆ. ಉರಿ ಜೋರಾಗಿರುವುದರಿಂದ ಸೋಂಕೆಂದೋ ಸರ್ಪಸುತ್ತೆಂದೋ ತಪ್ಪು ತಿಳಿಯುವುದುಂಟು. ಕೈ ಮೇಲೆ ಕೂತರೆ ಹೊಡೆಯದೆ ಊದಿ ಹಾರಿಸಿ, ಜಾಗವನ್ನು ಸೋಪಿನಿಂದ ತೊಳೆಯಿರಿ.

ಇನ್ನು ತೋಟಕ್ಕೆ ಹೋಗುವ ವಿಷಯ. ಹೋಗಿ. ಕೈಗೆ ಕೆಲಸ ಬೇಕು. ಸ್ನಾಯುಗಳು ಆಡಿದಾಗಲೇ ದುಗ್ಧರಸ ಮುಂದೆ ಸರಿಯುತ್ತದೆ. ಮನೆಯಲ್ಲಿ ಕೂತು ತೂಕ ಹೆಚ್ಚಿಸಿಕೊಳ್ಳುವುದು ಸೊಳ್ಳೆಗಿಂತ ದೊಡ್ಡ ಶತ್ರು. ಮಲೆನಾಡಿನ ಹೆಂಗಸರು ಸೀರೆಯ ಮೇಲೆ ಗಂಡಸರ ಹಳೆಯ ಉದ್ದತೋಳಿನ ಅಂಗಿ ತೊಟ್ಟು ತೋಟಕ್ಕೆ ಇಳಿಯುತ್ತಾರಲ್ಲ, ಅದಕ್ಕಿಂತ ಒಳ್ಳೆಯ ರಕ್ಷಾಕವಚ ನನಗೆ ಗೊತ್ತಿಲ್ಲ. ಬಣ್ಣ ತಿಳಿಯಾಗಿರಲಿ, ಮಣಿಕಟ್ಟಿನ ಗುಂಡಿ ಬಿಗಿಯದಿರಲಿ. ಕಳೆ ಕೀಳುವಾಗ, ಕಾಳುಮೆಣಸು ಬಿಡಿಸುವಾಗ ಕೈಗವಸು ಹಾಕಿಕೊಳ್ಳಿ. ಚಗಳಿ ಇರುವೆಯ ಗೂಡಿರುವ ಮರಕ್ಕೆ ಆ ಕೈ ಚಾಚಬೇಡಿ. ತೆರೆದ ಚರ್ಮಕ್ಕೆ 20ರಿಂದ 30 ಪ್ರತಿಶತ ಡೀಟ್ ಇರುವ ಅಥವಾ ಪಿಕಾರಿಡಿನ್ ಇರುವ ಸೊಳ್ಳೆನಿವಾರಕ ಲೇಪ ಕೆಲವು ಗಂಟೆ ಕಾಯುತ್ತದೆ, ಆದರೆ ಕೆರೆದು ತರಚಿದ ಜಾಗಕ್ಕೆ ಅದನ್ನು ಹಚ್ಚಬಾರದು. ಸಿಟ್ರೊನೆಲ್ಲಾದಂಥ ಸುಗಂಧ ತೈಲಗಳ ಕಾವಲು ಬಹಳ ಹೊತ್ತು ನಿಲ್ಲುವುದಿಲ್ಲ. ರಾತ್ರಿ ಸೊಳ್ಳೆಪರದೆ. ಚರ್ಮ ಒಣಗಿ ಬಿರಿಯದಂತೆ ಸ್ನಾನದ ನಂತರ ತೆಳುವಾಗಿ ಕೊಬ್ಬರಿ ಎಣ್ಣೆ ಸವರಿದರೆ ಸಾಕು. ನಿಜ ಹೇಳಬೇಕೆಂದರೆ, ಸುಗ್ಗಿಯಲ್ಲಿ ಅಡಿಕೆ ಸುಲಿಯುವ ಮೆಟ್ಟುಕತ್ತಿಯ ಬಗ್ಗೆ ನನಗೆ ಸೊಳ್ಳೆಗಿಂತ ಹೆಚ್ಚು ಭಯ. ಆ ಕೆಲಸವನ್ನು ಬೇರೆಯವರಿಗೆ ಬಿಟ್ಟುಕೊಡಿ.

‘ಆನೆಕಾಲಿನ ಹಾಗೆ’ ಎಂಬ ಮಾತು ನಿಮ್ಮನ್ನು ಬಹಳ ಕಾಡಿದಂತಿದೆ. ಆನೆಕಾಲು ರೋಗದಲ್ಲಿ ಸೊಳ್ಳೆ ದಾಟಿಸುವ ಫೈಲೇರಿಯಾ ಹುಳುಗಳು ದುಗ್ಧನಾಳದೊಳಗೇ ವಾಸಮಾಡಿ ಅವನ್ನು ಕೆಡಿಸುತ್ತವೆ. ಅದು ಕರಾವಳಿಯಲ್ಲಿ, ಕಲಬುರಗಿ–ಬೀದರ್ ಕಡೆಯಲ್ಲಿ ಬಹುಕಾಲದಿಂದ ಇರುವ ರೋಗ. ತಿಂಗಳು, ವರ್ಷಗಳ ಕಾಲ ಪದೇ ಪದೇ ಕಚ್ಚಿಸಿಕೊಂಡವರಿಗೆ ಅಂಟುವಂಥದ್ದು, ಒಂದು ಸೊಳ್ಳೆಯಿಂದ ಬರುವುದಲ್ಲ. ನಿಮ್ಮ ಕೈಯ ಸಂಗತಿಗೂ ಅದಕ್ಕೂ ಇರುವ ನಂಟು ಒಂದೇ: ಎರಡರಲ್ಲೂ ಕೆಡುವುದು ದುಗ್ಧನಾಳ. ಕಾಸರಗೋಡಿನ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿಯವರು ಆನೆಕಾಲಿನ ಆರೈಕೆಯಲ್ಲಿ ತೊಳೆಯುವುದು, ಒರೆಸುವುದು, ಬೆರಳಸಂದಿಯ ಸಣ್ಣ ಬಿರುಕನ್ನೂ ಹುಡುಕಿ ವಾಸಿಮಾಡುವುದಕ್ಕೆ ಅಷ್ಟೊಂದು ಮಹತ್ವ ಕೊಡುವುದು ಆ ಕಾರಣಕ್ಕೇ.

ಕೊನೆಗೆ, ಪತ್ರದಲ್ಲಿ ನೀವು ‘ಅಂದಹಾಗೆ’ ಎಂದು ಸೇರಿಸಿದ ಸಾಲಿಗೆ ಬರುತ್ತೇನೆ, ನನಗೆ ಅದೇ ಮುಖ್ಯವಾಗಿ ಕಂಡಿತು. ಲಿಂಫೆಡಿಮಾ ಶುರುವಾಗುವುದು ಆನೆಯಂತಲ್ಲ. ಸಂಜೆಗೆ ಭಾರವಾಗಿ ಬೆಳಗಿಗೆ ಹಗುರಾಗುವ ಕೈ, ಗುರುತು ಉಳಿಸುವ ಬಳೆ, ಒಂದು ಬದಿ ಮಾತ್ರ ಬಿಗಿಯೆನಿಸುವ ರವಿಕೆ, ಇವೇ ಅದರ ಮೊದಲ ಸೂಚನೆಗಳು, ಮತ್ತು ಈ ಹಂತದಲ್ಲಿ ಹಿಡಿದರೆ ಕೆಲವು ವಾರ ಅಳತೆಗೆ ತಕ್ಕ ಸ್ಲೀವ್ ಧರಿಸಿ, ಹೇಳಿಕೊಟ್ಟ ವ್ಯಾಯಾಮ ಮಾಡಿದರೆ ಊತ ಇಳಿಯುವುದುಂಟು. ಹೊಲಿಗೆಯ ಟೇಪು ತೆಗೆದುಕೊಂಡು, ಮೊಣಕೈ ಮಡಿಕೆಯಿಂದ 10 ಸೆಂಟಿಮೀಟರ್ ಮೇಲೆ, 10 ಸೆಂಟಿಮೀಟರ್ ಕೆಳಗೆ ಮತ್ತು ಮಣಿಕಟ್ಟಿನಲ್ಲಿ ಎರಡೂ ಕೈಗಳನ್ನು ಸಂಜೆ ಅಳೆದು ಬರೆದಿಡಿ. ಯಾವುದೇ ಒಂದು ಕಡೆ ವ್ಯತ್ಯಾಸ 2 ಸೆಂಟಿಮೀಟರ್ ಮುಟ್ಟಿದ್ದರೆ ಅದನ್ನು ಊತವೆಂದೇ ಎಣಿಸಬೇಕು. ಅಷ್ಟಿಲ್ಲದಿದ್ದರೂ, ನೀವು ಹೇಳಿದ ಬಿಗಿತ ಹೊಸದಾಗಿರುವುದರಿಂದ, ಈ ತಿಂಗಳೊಳಗೆ ನಿಮ್ಮ ಶಸ್ತ್ರಚಿಕಿತ್ಸಕರನ್ನು ಕಂಡು ಕಂಕುಳನ್ನು ಪರೀಕ್ಷಿಸಿಕೊಳ್ಳಿ. ರಕ್ತನಾಳದಲ್ಲಿ ಹೆಪ್ಪು ಅಥವಾ ರೋಗ ಮರುಕಳಿಸಿರುವುದು ಇಂಥ ಊತಕ್ಕೆ ಕಾರಣವಲ್ಲ ಎಂದು ಅವರು ಮೊದಲು ಖಚಿತಪಡಿಸಿಕೊಳ್ಳಬೇಕು. ಆಮೇಲೆ ಲಿಂಫೆಡಿಮಾ ಬಲ್ಲ ಫಿಸಿಯೊಥೆರಪಿಸ್ಟ್ ಬಳಿ ಕಳಿಸಲು ಕೇಳಿ. ಸ್ಲೀವನ್ನು ಅವರು ಅಳತೆ ತೆಗೆದುಕೊಂಡ ಮೇಲೆ ಕೊಳ್ಳಿ, ಅದಕ್ಕೆ ಮುಂಚೆ ಅಂಗಡಿಯಿಂದ ಅಂದಾಜಿನ ಸೈಜು ತಂದು ಹಾಕಿಕೊಳ್ಳಬೇಡಿ.